ಮಾಮನ ಚದುರಂಗದ ಮಣೆ

ರಾತ್ರಿ ಬಟ್ಟೆ ಅಂಗಡಿಯ ಬಾಗಿಲು ಹಾಕಿ ಬಂದ ಬಳಿಕ ನನ್ನ ಮಾಮ ಜಗಲಿಯಲ್ಲಿ ಚದುರಂಗಕ್ಕೆ ಕೂರುತ್ತಿದ್ದರು. ನಾನು ಎಂಟೋ ಒಂಬತ್ತೋ ವರ್ಷದವನಿದ್ದಾಗ ಒಮ್ಮೆ ಓಡುವ ಭರದಲ್ಲಿ ಮಣೆಗೆ ಕಾಲು ತಾಗಿಸಿ ಕಾಯಿಗಳನ್ನೆಲ್ಲ ಚೆಲ್ಲಿಬಿಟ್ಟೆ. ಪೆಟ್ಟು ಖಂಡಿತ ಎಂದು ಕಂಬದ ಹಿಂದೆ ನಿಂತೆ. ಮಾಮ ಬೈಯಲೂ ಇಲ್ಲ. ಕಾಯಿಗಳನ್ನು ಹೆಕ್ಕಿ ಮೊದಲಿದ್ದ ಹಾಗೆಯೇ ಇಟ್ಟು, ಎದುರಿನವರಿಗೆ “ಈಗ ನಿಮ್ಮ ನಡೆ” ಎಂದರು. ಇದೇ ಮಾಮ, ಮಾಮಿ ತರಹೇಳಿದ ಮೂರು ಸಾಮಾನಿನಲ್ಲಿ ಒಂದನ್ನು ಮರೆತೇ ಬರುತ್ತಿದ್ದರು!

ಈ ಒಗಟು ಬಿಡಿಸಿಕೊಂಡದ್ದು ನಾನು ಮಾಸ್ಟ್ರಾಗಿ ಬಹಳ ವರ್ಷಗಳಾದ ಮೇಲೆ. ಡಚ್ ಮನಶ್ಶಾಸ್ತ್ರಜ್ಞ ಆಡ್ರಿಯಾನ್ ಡಿ ಗ್ರೂಟ್ ಸ್ವತಃ ಒಳ್ಳೆಯ ಆಟಗಾರ. ದೊಡ್ಡ ಆಟಗಾರರು ಯೋಚಿಸುವುದನ್ನು ಅವರ ಬಾಯಿಂದಲೇ ಹೇಳಿಸಿ, ಅದರ ಕುರಿತು 1946ರಲ್ಲಿ ಪ್ರಬಂಧ ಬರೆದರು. ದಿಗ್ಗಜರು ಉಳಿದ ಪಳಗಿದವರಿಗಿಂತ ತುಂಬಾ ಮುಂದಿನ ನಡೆಗಳನ್ನೇನೂ ಲೆಕ್ಕ ಹಾಕುತ್ತಿರಲಿಲ್ಲ. ಒಳ್ಳೆಯ ನಡೆ ಅವರಿಗೆ ಬೇಗ ಕಾಣುತ್ತಿತ್ತು, ಅಷ್ಟೆ. 1973ರಲ್ಲಿ ಅಮೆರಿಕದ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್, ನಿಜವಾಗಿ ಆಡಿದ ಆಟದ ನಡುವಿನ ಸ್ಥಿತಿಯನ್ನು 5 ಸೆಕೆಂಡು ತೋರಿಸಿ ಮುಚ್ಚಿದರು. ಮಾಸ್ಟರ್ ದರ್ಜೆಯ ಆಟಗಾರ ಸುಮಾರು 16 ಕಾಯಿಗಳನ್ನು ಸರಿಯಾಗಿ ಇಟ್ಟ, ಹೊಸಬ 4 ಮಾತ್ರ. ಕಾಯಿಗಳನ್ನು ಮನಬಂದಂತೆ ಇಟ್ಟು ತೋರಿಸಿದಾಗ ಇಬ್ಬರೂ ಹೆಚ್ಚುಕಡಿಮೆ ಒಂದೇ. ನಂತರದವರ ಪ್ರಯೋಗಗಳಲ್ಲಿ ಮಾಸ್ಟರರು ತುಸುವೇ ಮುಂದಿದ್ದರು.

ಮೂಲೆಗೆ ಸರಿದ ರಾಜ, ಪಕ್ಕದಲ್ಲಿ ಆನೆ, ಮುಂದೆ ಮೂರು ಕಾಲಾಳು. ನಮಗೆ ಇವು ಐದು ಕಾಯಿಗಳು. ಪಳಗಿದವರಿಗೆ ಒಂದೇ, ಓದು ಬಲ್ಲವನು ಒಂದು ಪದವನ್ನು ಅಕ್ಷರ ಕೂಡಿಸದೆ ಓದಿದ ಹಾಗೆ.

ಪರೀಕ್ಷಿಸದೆ ಇರಲಾಗಲಿಲ್ಲ. ರಜೆಯಲ್ಲಿ ಊರಿಗೆ ಹೋದಾಗ ಕಾಯಿಗಳನ್ನು ಹೇಗೆಂದರೆ ಹಾಗೆ ಇಟ್ಟು ಮಾಮನಿಗೆ ತೋರಿಸಿ ಮುಚ್ಚಿದೆ. ಐದು ಕಾಯಿ ಇಟ್ಟು ಕೈಚೆಲ್ಲಿದರು. “ಇದು ಯಾರು ಆಡಿದ ಆಟ ಮಾರಾಯಾ? ಕಾಲಾಳು ಹೋಗಿ ತನ್ನದೇ ಹಿಂದಿನ ಸಾಲಿನಲ್ಲಿ ನಿಲ್ಲುವುದುಂಟಾ?” ಎಂದು ರೇಗಿದರು. ಮಾಮಿ ನಕ್ಕರು. ನನಗೆ ನಗು ಬರಲಿಲ್ಲ.

ನನ್ನ ಆರನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಮನೆಯಲ್ಲಿ ಬ್ಯಾರಿ ಭಾಷೆ. ನಮ್ಮ ರಸ್ತೆಯಲ್ಲಿ ಓಡುವ ಅಷ್ಟೂ ಬಸ್ಸುಗಳ ಹೆಸರು, ಹೊತ್ತು ಅವನಿಗೆ ಗೊತ್ತು. ಹಾರ್ನ್ ಕೇಳಿಯೇ ಯಾವ ಬಸ್ಸೆಂದು ಹೇಳುತ್ತಿದ್ದ. ಸಮಾಜ ಪಾಠದ ನಾಲ್ಕು ಸಾಲು ಮಾತ್ರ ಬಾಯಿಗೆ ಬರುತ್ತಿರಲಿಲ್ಲ. ಆ ಸಾಲುಗಳ ಅರ್ಥ ಅವನಿಗೆ ಎಷ್ಟು ಹತ್ತಿತ್ತೆಂದು ನಾನು ಒಂದು ದಿನವೂ ಕೇಳಿದವನಲ್ಲ. ಪ್ರಗತಿಪತ್ರದಲ್ಲಿ ಕೆಂಪು ಶಾಯಿಯಿಂದ “ಜ್ಞಾಪಕಶಕ್ತಿ ಕಡಿಮೆ” ಎಂದು ಬರೆದೆ. ಸಹಿ ಹಾಕಲು ಬಂದ ಅವನ ತಂದೆಗೆ ಓದಲು ಬರುತ್ತಿರಲಿಲ್ಲ. “ಏನು ಬರೆದಿದ್ದೀರಿ ಮಾಸ್ಟ್ರೇ?” ಎಂದು ಕೇಳಿದರು. ಹುಡುಗ ಪಕ್ಕದಲ್ಲೇ ನಿಂತಿದ್ದ. ನಾನು ಓದಿ ಹೇಳಿದೆ. ಅವರು ಹೆಬ್ಬೆಟ್ಟು ಒತ್ತಿದರು.

ಏಳನೆಯ ತರಗತಿಗೆ ಅವನು ಬರಲಿಲ್ಲ.