ಎಂಟಾಣೆ ಬದು ಮತ್ತು ನನ್ನ ಮೊಬೈಲು

ಇಲ್ಲಿ ಏನೂ ಬರೆಯದೆ ಸುಮಾರು ದಿನ ಆಯ್ತು. ಆಫೀಸು, ಡೆಡ್‌ಲೈನು, ಅದೂ ಇದೂ... ನೆಪಗಳು ನಿಮಗೂ ಗೊತ್ತಿರೋವೇ :) ಆದ್ರೆ ಈ ಸಲ ಊರಿಗೆ ಹೋಗಿ ನಾನು ಮಾಡಿದ ಎಡವಟ್ಟನ್ನ ಯಾರ ಹತ್ರನಾದ್ರೂ ಹೇಳ್ಕೊಳ್ಳಲೇಬೇಕು.

ನಮ್ಮೂರು ಹಮ್ಮಿಗಿ. ಮುಂಡರಗಿ ತಾಲೂಕು, ತುಂಗಭದ್ರೆಯ ದಂಡೆ. ಸಿಂಗಟಾಲೂರು ಏತ ನೀರಾವರಿಯ ಬ್ಯಾರೇಜು ಇರೋದು ಇಲ್ಲೇ. ನಾನು ಸಣ್ಣವನಿದ್ದಾಗ ನಮ್ಮ ಹೊಲದ ಬದುವಿನ ಬಗ್ಗೆ ಯಾರೂ ತಲೆ ಕೆಡಿಸಿಕೊಂಡಿದ್ದು ನೆನಪಿಲ್ಲ. ನೀರಿನ ಆಸೆ ಹುಟ್ಟಿದ ಮೇಲೆ ಗುಂಟೆಗುಂಟೆಗೂ ಲೆಕ್ಕ ಶುರುವಾಯ್ತು. ಅಪ್ಪನಿಗೂ ಪಕ್ಕದ ಹೊಲದ ಕಾಕಾನಿಗೂ ಎರಡು ವರ್ಷದಿಂದ ಬದುವಿನ ತಕರಾರು.

ರಾತ್ರಿ ಊಟಕ್ಕೆ ಕೂತಾಗ ಅಪ್ಪ ಅಂದ, "ಅಲ್ಲೋ, ಇಷ್ಟು ಕಂಪ್ಯೂಟರ್ ಕಲ್ತೀಯಲ್ಲ, ನಿನ್ನ ಮೊಬೈಲ್‌ದಾಗ ನಮ್ಮ ಬದು ಎಲ್ಲಿ ಬರತೈತಿ ನೋಡಿ ಹೇಳಾಕ ಬರಂಗಿಲ್ಲೇನು?"

ಬರುತ್ತೆ ಅಂದೆ. ಇಂಜಿನಿಯರ್ ಅಲ್ವಾ!

ಬೆಳಿಗ್ಗೆ ಸರ್ವೆ ನಂಬರಿನ ಗೆರೆ ತೋರಿಸೋ ಆಪ್ ಹಾಕ್ಕೊಂಡು ಹೊಲಕ್ಕೆ ಹೋದೆ. ಬದುವಿನ ಮೇಲೆ ನಿಂತರೆ ನೀಲಿ ಚುಕ್ಕೆ ನಮ್ಮ ನಂಬರಿನ ಒಳಗೇ ಕೂತಿದೆ, ಗೆರೆ ಮಾತ್ರ ಕಾಕಾನ ಉಳ್ಳಾಗಡ್ಡಿ ಮಡಿಯೊಳಗೆ. ಅಂದ್ರೆ ನಮ್ಮ ಹೊಲ ಇನ್ನೂ ಐದು ಮೀಟರ್ ಆಚೆವರೆಗೆ ಇದೆ ಅಂತ! ಅಪ್ಪ ಅಲ್ಲಿಂದಲೇ ಕಾಕಾನ್ನ ಕೂಗಿದ. ಮುಂದಿನ ಅರ್ಧ ತಾಸು ಆಡಿದ ಮಾತುಗಳನ್ನ ಇಲ್ಲಿ ಬರೆಯೋ ಹಾಗಿಲ್ಲ. ಕೊನೆಗೆ ಕಾಕಾ ನನ್ನ ಕಡೆ ತಿರುಗಿ, "ನಿಮ್ಮಪ್ಪನ ಕೂಡ ಜಗಳಾಡತೀನಿ, ಮಾತೂ ಆಡತೀನಿ. ನಿನ್ನ ಡಬ್ಬಿ ಕೂಡ ಏನ್ ಮಾತಾಡ್ಲಿ?" ಅಂದು ಹೋದ. ಎತ್ತಿ ಆಡಿಸಿದ ಕಾಕಾ ಅವನು.

ಸಂಜೆ ಒಬ್ಬನೇ ಹೋಗಿ ಅದೇ ಬದುವಿನ ಮೇಲೆ, ಅದೇ ಫೋನ್ ಹಿಡಿದು ನಿಂತೆ. ಚುಕ್ಕೆ ಈಗ ಕಾಕಾನ ನಂಬರಿನಲ್ಲಿ.

ಆಮೇಲೆ ಮಾಡಿದ ಲೆಕ್ಕವನ್ನ ಮೊದಲೇ ಮಾಡಬೇಕಿತ್ತು. ಅಮೆರಿಕದವರು ಜಿಪಿಎಸ್‌ಗೆ ಬೇಕಂತಲೇ ಸೇರಿಸ್ತಿದ್ದ ತಪ್ಪನ್ನ 2000ದ ಮೇ ತಿಂಗಳಲ್ಲಿ ನಿಲ್ಲಿಸಿದರು. ಆದ್ರೂ ತೆರೆದ ಆಕಾಶದ ಕೆಳಗೆ ಸಾಮಾನ್ಯ ಫೋನು ಹೆಚ್ಚುಕಮ್ಮಿ 5 ಮೀಟರ್ ಆಚೀಚೆ ಆಗುತ್ತೆ. ಊರಿಗೆ ದಾರಿ ಹುಡುಕೋಕೆ ಇದು ಏನೇನೂ ಅಲ್ಲ. ಹೊಲಕ್ಕೆ? ನಮ್ಮ ಕಡೆ ಮುಂಬೈ ಪ್ರಾಂತ್ಯದ ಕಾಲದ ಅಳತೆ: 33 ಅಡಿ ಸರಪಳಿ, ಅದರಲ್ಲಿ 16 ಆಣೆ. ಒಂದು ಸರಪಳಿ ಚೌಕ ಅಂದ್ರೆ 1089 ಚದರಡಿ, ಅದೇ ಒಂದು ಗುಂಟೆ. 40 ಗುಂಟೆಗೆ ಎಕರೆ. 5 ಮೀಟರ್ ಅಂದ್ರೆ ಸುಮಾರು ಹದಿನಾರೂವರೆ ಅಡಿ, ಅರ್ಧ ಸರಪಳಿ, ಎಂಟಾಣೆ! ಬದು 200 ಮೀಟರ್ ಉದ್ದ ಇದ್ರೆ ಹತ್ತಿರ ಹತ್ತಿರ ಹತ್ತು ಗುಂಟೆ. ಕಾಲು ಎಕರೆಯನ್ನ ನಾನು ಒಂದು ನೀಲಿ ಚುಕ್ಕೆ ನಂಬಿ ಬೆಳಿಗ್ಗೆ ಅಪ್ಪನಿಗೆ ಕೊಟ್ಟು, ಸಂಜೆ ಕಿತ್ಕೊಂಡಿದ್ದೆ.

ಮುಂಡರಗಿಯಲ್ಲಿ ಪರವಾನಗಿ ಸರ್ವೇರ್ ಆಗಿರೋ ನನ್ನ ಶಾಲೆಯ ಗೆಳೆಯನಿಗೆ ಇದನ್ನ ಹೇಳಿದೆ. ಹೊಟ್ಟೆ ಹಿಡ್ಕೊಂಡು ನಕ್ಕ. ನಕ್ಕು ಮುಗಿಸಿ, "ಅದಿರ್ಲಿ, ನನಗೊಂದು ಹೊಸ ಫೋನ್ ಬೇಕಾಗೇತಿ, ಯಾವ್ದು ತಗೊಳ್ಳಿ ಹೇಳು" ಅಂದ. ಮರ್ಯಾದೆ ವಾಪಸ್ ಪಡೆಯೋ ಅವಕಾಶ, ಬಿಡ್ತೀನಾ?

2000ದ ದಶಕದಲ್ಲಿ ಸರ್ವೆಯವರ ಕೈಯಂತ್ರಗಳಲ್ಲಿ ಹೆಚ್ಚಾಗಿ ಇರ್ತಿದ್ದದ್ದು ವಿಂಡೋಸ್ ಮೊಬೈಲ್. ಆ ವಂಶದ ಕೊನೆಯ ಕುಡಿಗೂ ಮೈಕ್ರೋಸಾಫ್ಟ್ 2020ರ ಜನವರಿಯಲ್ಲಿ ಎಳ್ಳುನೀರು ಬಿಟ್ಟಿತು. (ಅದರಲ್ಲಿ ನಮ್ಮ ಕನ್ನಡ ಡಬ್ಬಿ ಡಬ್ಬಿಯಾಗಿ ಕಾಣ್ತಿತ್ತು, ನೆನಪಿದೆಯಾ?) ಉಳಿದಿದ್ದು ಐಫೋನ್ ಮತ್ತು ಆಂಡ್ರಾಯ್ಡ್. ನಾನು ಆಫೀಸಲ್ಲಿ ಐಫೋನ್ ಪಕ್ಷ. ಹೊಲದಲ್ಲಿ ಪಕ್ಷಾಂತರ ಮಾಡಿದೆ. ಕಾರಣ ಇಷ್ಟೇ: ಸೆಂಟಿಮೀಟರ್ ಲೆಕ್ಕದ ಅಳತೆ ಬರೋದು ಫೋನಿಂದಲ್ಲ, ಹೊರಗಿನ ರೋವರ್‌ನಿಂದ. ಸರ್ವೆ ಆಫ್ ಇಂಡಿಯಾದ ಕೋರ್ಸ್ ಜಾಲದ ಸ್ಟೇಷನ್ನುಗಳು ತಮ್ಮ ಜಾಗ ಕರಾರುವಾಕ್ಕಾಗಿ ಗೊತ್ತಿರೋದ್ರಿಂದ ಉಪಗ್ರಹದ ಸಂಕೇತದಲ್ಲಿನ ತಪ್ಪು ಎಷ್ಟು ಅಂತ ಕಂಡುಹಿಡೀತವೆ. ಆ ತಿದ್ದುಪಡಿ ಇಂಟರ್ನೆಟ್ ಮೂಲಕ ರೋವರ್‌ಗೆ ಬರುತ್ತೆ. ರೋವರ್ ಬ್ಲೂಟೂತಲ್ಲಿ ಫೋನಿಗೆ ಹೇಳುತ್ತೆ. ಆಂಡ್ರಾಯ್ಡಲ್ಲಿ 'ಮಾಕ್ ಲೊಕೇಶನ್' ಅನ್ನೋ ಕಳ್ಳ ಬಾಗಿಲಿಂದ ಆ ಅಳತೆ ಎಲ್ಲ ಆಪ್‌ಗೂ ಸಿಗುತ್ತೆ. ಐಫೋನಿಗಾದ್ರೆ ಹಳೇ ಥರದ ಬ್ಲೂಟೂತ್ ರಿಸೀವರ್ ಜೋಡಿಸೋಕೂ ಅದಕ್ಕೆ ಆಪಲ್‌ನ ಮುದ್ರೆ ಇರಬೇಕು. ಜೊತೆಗೆ ಉಪಗ್ರಹದ ಕಚ್ಚಾ ಅಳತೆಗಳನ್ನ ಆಂಡ್ರಾಯ್ಡ್ 2016ರಿಂದಲೇ ಬಿಟ್ಟುಕೊಟ್ಟಿದೆ. ಎರಡು ತರಂಗಾಂತರ ಹಿಡಿಯೋ ಫೋನು ಮೊದಲು ಬಂದಿದ್ದು 2018ರಲ್ಲಿ, ಶಿಯೋಮಿ ಮಿ 8.

ಇದನ್ನೆಲ್ಲ ಅರ್ಧ ಗಂಟೆ ಬಿಡಿಸಿ ಹೇಳಿ ಒಂದು ದುಬಾರಿ ಮಾಡೆಲ್ ಸೂಚಿಸಿದೆ. ಅವನು ಕೇಳಿದ್ದು ಮೂರೇ ಪ್ರಶ್ನೆ. "ಮಟಮಟ ಮಧ್ಯಾಹ್ನ ಬಿಸಿಲಾಗ ಸ್ಕ್ರೀನ್ ಕಾಣತೈತಿ? ಎರಡು ಸಿಮ್ ಹಿಡೀತೈತಿ? ಬಿದ್ದು ಒಡದ್ರ ಮುಂಡರಗ್ಯಾಗ ರಿಪೇರಿ ಆಗತೈತಿ?" ನದಿ ದಂಡೆಯಲ್ಲಿ ಒಂದು ಕಂಪನಿ ಸಿಗ್ನಲ್ ಸತ್ತರೆ ಇನ್ನೊಂದು ಬೇಕು, ತಿದ್ದುಪಡಿ ಬರೋದೇ ಅದರ ಮೇಲೆ. ನನ್ನ ಪಟ್ಟಿಯಲ್ಲಿ ಈ ಮೂರೂ ಇರಲಿಲ್ಲ! ಕೊನೆಗೆ ನಡುಮಧ್ಯದ ಬೆಲೆಯ ಆಂಡ್ರಾಯ್ಡ್ ಒಂದನ್ನ ತಗೊಂಡ, ಜೊತೆಗೊಂದು ಪವರ್ ಬ್ಯಾಂಕು. ನಾನು ಮಾಡಿಕೊಟ್ಟ ಉಪಕಾರ ಅಂದ್ರೆ ಬ್ಯಾಟರಿ ಉಳಿಸೋ ನೆಪದಲ್ಲಿ ಫೋನು ಸರ್ವೆ ಆಪನ್ನ ಹಿಂದಿನಿಂದ ಕೊಲ್ಲದಂತೆ ಸೆಟ್ಟಿಂಗ್ ಬದಲಿಸಿದ್ದು.

ಅವನು ಹೇಳಿದ ಇನ್ನೊಂದು ಮಾತು ತಲೆಯಲ್ಲೇ ಉಳೀತು. "ರೋವರ್ ನೀ ಎಲ್ಲಿ ನಿಂತೀ ಅಂತ ಹೇಳತೈತಿ. ನಿಮ್ಮ ಮುತ್ತಜ್ಜ ಎಲ್ಲಿ ನಿಂತಿದ್ದ ಅಂತ ಹೇಳಂಗಿಲ್ಲ." ಗಡಿ ಇರೋದು ಹಳೇ ಟಿಪ್ಪಣಿಯ ಅಳತೆಗಳಲ್ಲಿ, ನೆಲದಲ್ಲಿ ಹೂತ ಕಲ್ಲುಗಳಲ್ಲಿ.

ಹದ್ದುಬಸ್ತಿಗೆ ಅರ್ಜಿ ಹಾಕಿದೆವು. ಕಾಕಾನಿಗೆ ನೋಟಿಸ್ ಹೋಯ್ತು. ಅಳತೆಯ ದಿನ ರಜೆ ಹಾಕಿ ನಾನೂ ಹೋಗಿದ್ದೆ. ಸರ್ವೇರ್ ಬಂದವರು ಮೊದಲು ಯಂತ್ರ ತೆಗೀಲೇ ಇಲ್ಲ, ಟಿಪ್ಪಣಿ ಹಿಡ್ಕೊಂಡು ಕಲ್ಲು ಹುಡುಕಿದರು. ಒಂದು ಕಲ್ಲು ಬೇವಿನ ಬೇರಿನ ಒಳಗೆ ಸಿಕ್ತು. ಅದು ಅಲ್ಲಿದೆ ಅಂತ ತೋರಿಸಿದ್ದು ಕಾಕಾ.

ಅಳೆದಾಗ ಗೊತ್ತಾಗಿದ್ದು: ಬದು ಸರಿದಿರೋದು ನಿಜ. ಎರಡಾಣೆ, ಅಂದ್ರೆ ನಾಲ್ಕು ಅಡಿಗಿಂತ ಚೂರು ಜಾಸ್ತಿ. ನಾವೇ ಕಾಕಾನ ಹೊಲದೊಳಗೆ ಸರಿದಿದ್ದೆವು.

ಅಪ್ಪ ಏನೂ ಮಾತಾಡಲಿಲ್ಲ, ಪಂಚನಾಮೆಗೆ ಸಹಿ ಮಾಡಿದ. ಬದು ಕಿತ್ತು ಹಾಕೋದು ಉಳ್ಳಾಗಡ್ಡಿ ಕಿತ್ತ ಮೇಲೆ ಅಂತ ಇಬ್ಬರೂ ಒಪ್ಕೊಂಡಿದಾರೆ. ಹೊರಡೋ ದಿನ ಕಾಕಾ ಬಸ್ ಸ್ಟ್ಯಾಂಡಿಗೆ ಒಂದು ಚೀಲ ಉಳ್ಳಾಗಡ್ಡಿ ತಂದುಕೊಟ್ಟ. "ಬೆಂಗಳೂರು ಎಲ್ಲಿ ಬರತೈತಿ, ಮೊಬೈಲ್‌ದಾಗ ನೋಡ್ಕೊಂಡು ಹೋಗಪಾ" ಅಂದ.