ಮಾಡಿನ ಮೇಲಿನ ತಂತಿ

ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಮನೆಗೆ ಬಂದು ಕೇಳಿಕೊಂಡಾಗ ಶಾಲೆಯ ಸ್ಥಾಪನೆಯ ಕಥೆಯನ್ನೇ ಬರೆಯುವೆನೆಂದುಕೊಂಡಿದ್ದೆ. ಅದನ್ನು ನನಗಿಂತ ಚೆನ್ನಾಗಿ ಬಲ್ಲವರು ಬರೆಯುತ್ತಿರುವುದರಿಂದ, ನಾನು ನಮ್ಮ ಮಾಡಿನ ಮೇಲಿದ್ದ ಒಂದು ತಂತಿಯ ವಿಚಾರವನ್ನಷ್ಟೇ ಹೇಳುತ್ತೇನೆ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ನಾನಿನ್ನೂ ಶಾಲೆಯ ಮೆಟ್ಟಿಲು ಹತ್ತಿರಲಿಲ್ಲ. ಮುಂದೆ ಕನ್ನಡ ಮಾಧ್ಯಮದಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ, ತರಬೇತಿ ಪಡೆದು ಇಲ್ಲಿಗೆ ಅಧ್ಯಾಪಕನಾಗಿ ಬಂದೆ. 1976ರಲ್ಲಿ ಮಂಗಳೂರು ಆಕಾಶವಾಣಿ ಆರಂಭವಾದ ಬಳಿಕ ಆಡಳಿತ ಮಂಡಳಿಯವರು ಶಾಲೆಗೊಂದು ರೇಡಿಯೋ ಕೊಡಿಸಿದರು. ಅಂಚೆ ಕಛೇರಿಯಲ್ಲಿ ವರ್ಷಂಪ್ರತಿ ಲೈಸೆನ್ಸ್ ಶುಲ್ಕ ತೆರುತ್ತಿದ್ದ ಕಾಲವದು. ಹಂಚಿನ ಮಾಡಿನ ಮೇಲೆ ಎರಡು ಅಡಿಕೆಮರದ ಕಂಬಗಳನ್ನು ನಿಲ್ಲಿಸಿ, ನಡುವೆ ತಾಮ್ರದ ತಂತಿಯನ್ನು ಬಿಗಿದು, ತುದಿಗಳಿಗೆ ಪಿಂಗಾಣಿಯ ಬಿಲ್ಲೆಗಳನ್ನು ಕಟ್ಟಿದ್ದೆವು. ಕಿಟಕಿಯ ಬಳಿ ಒಂದು ಸ್ವಿಚ್ಚು: ಒಂದು ಕಡೆಗೆ ತಿರುಗಿಸಿದರೆ ತಂತಿಗೆ ರೇಡಿಯೋದ ಸಂಬಂಧ, ಇನ್ನೊಂದು ಕಡೆಗೆ ಭೂಮಿಯ ಸಂಬಂಧ. ಕೇಳಿ ಮುಗಿದೊಡನೆ ಭೂಮಿಯ ಕಡೆಗೆ ತಿರುಗಿಸತಕ್ಕದ್ದು.

ಕಡಲಿನ ಉಪ್ಪುಗಾಳಿಗೆ ತಾಮ್ರವು ಹಸಿರುಗಟ್ಟುತ್ತಿತ್ತು. ಪತ್ತನಾಜೆಗೆ ಮೊದಲು ಅದನ್ನು ಉಜ್ಜಿ, ಸಡಿಲಾದ ಕಟ್ಟುಗಳನ್ನು ಬಿಗಿಯುತ್ತಿದ್ದೆವು. ಆದರೆ ನಮ್ಮ ಸೀಮೆಯಲ್ಲಿ ಭಯಪಡಬೇಕಾದುದು ಆಟಿಯ ಜಡಿಮಳೆಗಲ್ಲ, ತುಲಾ ಮಾಸದ ಸಿಡಿಲಿಗೆ. ಬೆಳಿಗ್ಗೆ ಸುಡುಬಿಸಿಲು, ಅಪರಾಹ್ನ ಮೂಡಣ ಘಟ್ಟದಿಂದ ಕಾರ್ಮೋಡ.

1978ರ ಅಂಥದೊಂದು ಅಪರಾಹ್ನ ಮಕ್ಕಳು ಹೋದ ಮೇಲೆ ನಾನೊಬ್ಬನೇ ಕುಳಿತು ರೇಡಿಯೋ ಕೇಳಿ, ಮೋಡ ಕಂಡು ಗಡಿಬಿಡಿಯಿಂದ ಬಸ್ಸು ಹಿಡಿಯಲು ಓಡಿದೆ. ಸ್ವಿಚ್ಚು ತಿರುಗಿಸಲಿಲ್ಲ. ಮರುದಿನ ನೋಡಿದರೆ ರೇಡಿಯೋ ಸುಟ್ಟು ಕರಕಲಾಗಿತ್ತು, ಕಿಟಕಿಯ ದಾರಂದ ಸೀಳಿತ್ತು. ಮೂರನೆಯ ತರಗತಿಯ ಮಕ್ಕಳು ಕೂರುವ ಬೆಂಚಿನ ಮೇಲೆಲ್ಲ ಹಂಚಿನ ಚೂರು.

ಕಿಟಕಿ ಬಾಗಿಲು ಮುಚ್ಚುವವನು ಜವಾನನಾದುದರಿಂದ ತಪ್ಪು ಅವನದೆಂದೇ ಎಲ್ಲರೂ ಭಾವಿಸಿದರು. ಅವನ ಸಂಬಳದಿಂದ ಹತ್ತು ತಿಂಗಳು ಐದೈದು ರೂಪಾಯಿ ಹಿಡಿಯಲಾಯಿತು. ನನ್ನನ್ನು ಯಾರೂ ಕೇಳಲಿಲ್ಲ; ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ; ನಾನು ಬಾಯಿ ಬಿಡಲಿಲ್ಲ. ಹೊಸ ರೇಡಿಯೋ ಬಂದ ಮೇಲೆ ಅವನು ದಿನವೂ ಸಂಜೆ ಬೀಗದ ಕೈ ಹಿಡಿದು ನನ್ನ ಮೇಜಿನ ಬಳಿಗೆ ಬಂದು, "ಮಾಷ್ಟ್ರೇ, ಇವತ್ತು ತಿರುಗಿಸಿದ್ದೇನೆ" ಎನ್ನುತ್ತಿದ್ದ. ಇತರ ಅಧ್ಯಾಪಕರಿಗೆ ಹಾಗೆ ಹೇಳಿದ್ದನ್ನು ನಾನು ಕೇಳಿಲ್ಲ. ಅವನು ಈಗ ಇಲ್ಲ. ಇದನ್ನು ಬರೆಯುವ ಮೊದಲು ಅವನ ಮಗನ ಮನೆಗೆ ಹೋಗಿ ಹೇಳಿ ಬಂದಿದ್ದೇನೆ.

ಇದೆಲ್ಲ ನೆನಪಾದುದು, ಈಗ ಕಾಂಕ್ರೀಟು ಮಾಡಿನ ಮೇಲೆ ಇಂಟರ್‌ನೆಟ್ಟಿಗಾಗಿ ನಿಲ್ಲಿಸಿರುವ ಬಿಳಿಯ ತಟ್ಟೆಯನ್ನು ಕಂಡಾಗ. ಅದನ್ನು ನಿಲ್ಲಿಸಿದವನು ನನ್ನ ಹಳೆಯ ವಿದ್ಯಾರ್ಥಿ. ಇಂಥ ತಟ್ಟೆಯ ಅಲೆಗಳಿಗೆ ಮಳೆಯಿಂದ ಹೆಚ್ಚಿನ ಬಾಧೆಯಿಲ್ಲವಂತೆ. ಕೇಬಲು ಸೇರುವ ಸಂದಿಯೊಳಕ್ಕೆ ಜಿನುಗುವ ನೀರೇ ಶತ್ರು. ಅದಕ್ಕಾಗಿ ಸಂದಿಗೆ ತಾನೇ ತಾನಾಗಿ ಬೆಸೆದುಕೊಳ್ಳುವ ರಬ್ಬರಿನ ಪಟ್ಟಿ ಸುತ್ತಿದ್ದಾನೆ. ಕೇಬಲನ್ನು ಪೆಟ್ಟಿಗೆಯ ಬಾಯಿಗಿಂತ ತಗ್ಗಿಗೆ ಬಾಗಿಸಿ ಮತ್ತೆ ಮೇಲಕ್ಕೊಯ್ದಿದ್ದಾನೆ. ಹರಿದುಬಂದ ನೀರು ಆ ಬಾಗಿನಿಂದಲೇ ತೊಟ್ಟಿಕ್ಕುತ್ತದೆ.

ಹಿಂದೆ ನಾವು ಭೂಮಿಗೆಂದು ಹುಗಿದಿದ್ದುದು ಒಂದೂವರೆ ಅಡಿಯ ಕಬ್ಬಿಣದ ಸಲಾಕೆ. ಒಣಗಿದ ಮುರಕಲ್ಲು ವಿದ್ಯುತ್ತನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳದು. "ಅಂದು ನೀವು ಸ್ವಿಚ್ಚು ತಿರುಗಿಸಿದ್ದರೂ ಆ ಸಿಡಿಲಿಗೆ ರೇಡಿಯೋ ಉಳಿಯುತ್ತಿತ್ತೆಂದು ಹೇಳಲಾಗದು ಮಾಷ್ಟ್ರೇ" ಎಂದ. ಅವನ ಮಾತು ಸರಿಯಿರಬಹುದು. ಐವತ್ತು ರೂಪಾಯಿಯ ಲೆಕ್ಕ ಅದರಿಂದ ಬದಲಾಗುವುದಿಲ್ಲ. ಈಗ ಆಳವಾದ ಹೊಂಡದಲ್ಲಿ ಕೊಳವೆ ಹುಗಿದು, ಸುತ್ತ ಇದ್ದಿಲು ಮತ್ತು ಉಪ್ಪನ್ನು ಪದರ ಪದರವಾಗಿ ತುಂಬಲಾಗಿದೆ. ಮಿಂಚುತಡೆಯ ತಂತಿಯನ್ನೂ ಉಪಕರಣದ ತಂತಿಯನ್ನೂ ಒಂದಕ್ಕೊಂದು ಜೋಡಿಸಲಾಗಿದೆ. ಬೇರೆ ಬೇರೆ ಬಿಟ್ಟರೆ ಸಿಡಿಲು ಬಡಿದಾಗ ಅವೆರಡರ ನಡುವೆಯೇ ಕಿಡಿ ಹಾರುವ ಅಪಾಯವಿದೆ.

ಒಂದು ವಿಜ್ಞಾಪನೆ. ಬೇಸಗೆಯಲ್ಲಿ ಆ ಹೊಂಡ ಒಣಗಿದರೆ ಅದರ ಶಕ್ತಿ ಕುಂದುತ್ತದೆ. ಶಿವರಾತ್ರಿ ಕಳೆದ ಮೇಲೆ ಮಳೆ ಹಿಡಿಯುವವರೆಗೆ, ಮತ್ತೆ ತುಲಾ ಮಾಸದಲ್ಲಿ ಮಳೆ ತಡವಾದರೆ, ವಾರಕ್ಕೆರಡು ಬಾರಿ ಅದಕ್ಕೆ ಒಂದು ಕೊಡ ನೀರು ಹೊಯ್ಯಬೇಕು. ಈ ಕೆಲಸವನ್ನು ಜವಾನರ ಪಟ್ಟಿಗೆ ಸೇರಿಸದೆ ಅಧ್ಯಾಪಕರ ಸರದಿಯಲ್ಲಿ ಸೇರಿಸಬೇಕೆಂದು ಈಗಿನ ಮುಖ್ಯೋಪಾಧ್ಯಾಯರಲ್ಲಿ ಕೇಳಿಕೊಂಡಿದ್ದೇನೆ. ಈ ವಾರದ ಸರದಿಯನ್ನು ನಾನೇ ವಹಿಸಿಕೊಂಡಿದ್ದೇನೆ.