ವಿಭವ ಸಂವತ್ಸರದ ತಾಮ್ರಪಟ

ಇತಿಹಾಸದಲ್ಲಿ ಎಂ. ಎ. ಓದಲು ಹೊರಟವನನ್ನು ಬಂಧುಗಳು ಕೇಳತಕ್ಕ ಪ್ರಶ್ನೆ ಒಂದೇ: “ಅದನ್ನು ಓದಿ ಮುಂದೆ ಏನು ಮಾಡುತ್ತೀಯೆ?” ೧೯೭೨ರಲ್ಲಿ ನಾನು ಮೈಸೂರಿಗೆ ಹೊರಟು ನಿಂತಾಗ ಈ ಪ್ರಶ್ನೆಯನ್ನು ಕೇಳದಿದ್ದವರು ನಮ್ಮ ತಾತನವರೊಬ್ಬರೇ. ಅವರಿಗೆ ಆಗ ಎಂಬತ್ತು ದಾಟಿದ್ದಿತು. ಜಗಲಿಯ ಮೇಲೆ ಕುಳಿತು ಎಲೆಗೆ ಸುಣ್ಣ ಸವರುತ್ತ, “ಒಳ್ಳೆಯದಾಯಿತು. ಆ ವಿದ್ಯೆ ಕಲಿತು ಬಾ. ನಮ್ಮ ಮನೆಯ ಶಾಸನವನ್ನು ಅಚ್ಚು ಹಾಕಿಸಬೇಕು” ಎಂದರು.

ಆ ಶಾಸನದ ಸಂಗತಿಯನ್ನು ಮೊದಲು ಹೇಳಬೇಕು. ನಮ್ಮದು ತಲೆತಲಾಂತರದಿಂದ ಶಾನುಭೋಗರ ಮನೆ. ದೇವರ ಮನೆಯ ಗೂಡಿನಲ್ಲಿ ಕೆಂಪು ವಸ್ತ್ರದಲ್ಲಿ ಸುತ್ತಿಟ್ಟ ಒಂದು ತಾಮ್ರದ ಹಲಗೆಯಿದ್ದಿತು. ಗೇಣುದ್ದ, ಅದರ ಅರ್ಧದಷ್ಟು ಅಗಲ. ಕಂಠೀರವ ನರಸರಾಜ ಒಡೆಯರು ನಮ್ಮ ಪೂರ್ವಿಕರೊಬ್ಬರಿಗೆ, ಅವರು ಊರ ಮುಂದಿನ ಕೆರೆಯನ್ನು ಕಟ್ಟಿಸಿದ್ದಕ್ಕಾಗಿ, ಕೆರೆಯ ಕೆಳಗಿನ ಗದ್ದೆಯನ್ನು ಕೊಡಗಿಯಾಗಿ ಬಿಟ್ಟುಕೊಟ್ಟರೆಂದು ಅದರಲ್ಲಿ ಕೊರೆದಿದ್ದಿತು. ವರ್ಷಕ್ಕೊಮ್ಮೆ, ಮಹಾನವಮಿಯ ದಿನ, ತಾತನವರು ಅದನ್ನು ಹುಣಿಸೆಹಣ್ಣಿನಿಂದ ಬೆಳಗಿಸಿ, ಗಂಧಾಕ್ಷತೆಯಿಟ್ಟು, ಮನೆಮಂದಿಯೆಲ್ಲ ಕೇಳುವಂತೆ ಮೊದಲಿನಿಂದ ಕೊನೆಯವರೆಗೆ ಓದುತ್ತಿದ್ದರು. ಓದುತ್ತಿದ್ದರೆಂಬುದು ಮಾತಿಗೆ; ಹಲಗೆ ಕೈಯಲ್ಲಿರುತ್ತಿದ್ದಿತು, ಕಣ್ಣು ಮುಚ್ಚಿರುತ್ತಿದ್ದಿತು. ದಾನವನ್ನು ಅಪಹರಿಸಿದವನು ಕ್ರಿಮಿಯಾಗಿ ಹುಟ್ಟುವನೆಂಬ ಶಾಪದ ಭಾಗ ಬಂದಾಗ ನಾವು ಹುಡುಗರು ಒಬ್ಬರನ್ನೊಬ್ಬರು ಒತ್ತಿಕೊಂಡು ಕೂರುತ್ತಿದ್ದೆವು. ಇಂಥ ಇನಾಂಗಳು ೧೯೫೪ರ ಕಾಯಿದೆಯಿಂದ ರದ್ದಾಗಿ ಆ ಗದ್ದೆ ಉಳಿದ ಗದ್ದೆಗಳಂತೆ ಕಂದಾಯದ ಭೂಮಿಯಾದ ಮೇಲೂ ಈ ಪದ್ಧತಿ ನಿಲ್ಲಲಿಲ್ಲ. ಕೆರೆ ತುಂಬಿ ಕೋಡಿ ಬಿದ್ದ ವರ್ಷ ಮೊದಲ ಬಾಗಿನ ನಮ್ಮ ಮನೆಯಿಂದಲೇ ಸಲ್ಲತಕ್ಕದ್ದೆಂಬ ಮರ್ಯಾದೆಗೆ ಆ ಹಲಗೆಯೇ ಆಧಾರವಾಗಿದ್ದಿತು.

ಮಾನಸಗಂಗೋತ್ರಿಗೆ ಬಂದಾಗ ನನ್ನ ಮನಸ್ಸಿನಲ್ಲಿದ್ದ ಇತಿಹಾಸವೆಂದರೆ ರಾಜರ ಪಟ್ಟಿ, ಯುದ್ಧಗಳ ಪಟ್ಟಿ, ಅವುಗಳ ಕಾರಣಗಳು ಮತ್ತು ಪರಿಣಾಮಗಳು. ಬಿ. ಎ. ತರಗತಿಯವರೆಗೆ ಇವನ್ನು ಉರುಹೊಡೆದು ಒಪ್ಪಿಸಿ ಬಹುಮಾನವನ್ನೂ ಪಡೆದಿದ್ದೆ. ಇಲ್ಲಿ ಮೊದಲ ವಾರದಲ್ಲಿಯೇ ಆ ಬಂಡವಾಳ ಕರಗಿಹೋಯಿತು. ನಮಗೆ ಶಾಸನಗಳನ್ನು ಪಾಠ ಹೇಳುತ್ತಿದ್ದ ಅಧ್ಯಾಪಕರು ಸಣ್ಣ ದನಿಯವರು. ಉಪನ್ಯಾಸವೆಂಬುದನ್ನು ಮಾಡಿದವರೇ ಅಲ್ಲ. ಆರೇಳು ಮಂದಿಯನ್ನು ಒಂದು ಮೇಜಿನ ಸುತ್ತ ಕೂರಿಸಿ, ನಡುವೆ ಒಂದು ಶಾಸನದ ಅಚ್ಚುಪ್ರತಿಯನ್ನು ಹರಡಿ, “ಇದನ್ನು ನಾವು ಏಕೆ ನಂಬಬೇಕು?” ಎಂದು ಕೇಳಿ ಸುಮ್ಮನಾಗುವರು. ೧೮೨೫ರಲ್ಲಿ ಬರ್ಲಿನ್ ವಿಶ್ವವಿದ್ಯಾನಿಲಯಕ್ಕೆ ಬಂದ ರಾಂಕೆ ಎಂಬ ಪಂಡಿತನು ಶಿಷ್ಯರನ್ನು ಹೀಗೆಯೇ ಸುತ್ತ ಕೂರಿಸಿಕೊಂಡು ಮೂಲ ಪತ್ರಗಳನ್ನು ಶೋಧಿಸುವುದನ್ನು ಕಲಿಸುತ್ತಿದ್ದನೆಂದೂ, ಉನ್ನತ ವ್ಯಾಸಂಗದಲ್ಲಿ ಇತಿಹಾಸವನ್ನು ಕಲಿಯುವ ಕ್ರಮ ಅಲ್ಲಿಂದ ಲೋಕಕ್ಕೆಲ್ಲ ಹರಡಿತೆಂದೂ ನನಗೆ ಆಮೇಲೆ ತಿಳಿಯಿತು. ಆಗ ಮಾತ್ರ, ಫೀಜು ಕೊಟ್ಟವರು ನಾವು, ಉತ್ತರ ಹೇಳಬೇಕಾದವರೂ ನಾವೇ ಆದೆವಲ್ಲ ಎಂದು ಬೇಸರವಾಗಿದ್ದಿತು.

ಬೇಸರವನ್ನು ಕಳೆದದ್ದು ರೈಸ್ ಮತ್ತು ಫ್ಲೀಟ್ ಇವರ ಜಗಳ. ಬೆಂಗಳೂರಿನಲ್ಲಿಯೇ ಹುಟ್ಟಿದ ರೈಸ್ ಸಾಹೇಬರು ಊರೂರು ಸುತ್ತಿ ಶಾಸನಗಳನ್ನು ಕೂಡಿಸಿ, ೧೮೮೬ರಿಂದ ಮೊದಲುಗೊಂಡು ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ ಹನ್ನೆರಡು ಸಂಪುಟಗಳನ್ನು ಹೊರತಂದವರು. ಬೊಂಬಾಯಿಯ ಸಿವಿಲ್ ಸರ್ವಿಸಿನಲ್ಲಿದ್ದ ಫ್ಲೀಟ್ ಸಾಹೇಬರು ಕನ್ನಡ ನಾಡಿನ ರಾಜವಂಶಗಳ ಚರಿತ್ರೆಯನ್ನು ಬರೆದವರು. ಗಂಗರಸರ ಹೆಸರಿನಲ್ಲಿ ದೊರೆತ ತಾಮ್ರಪಟಗಳು ಅಸಲೆಂದು ರೈಸರು. ಮಡಿಕೇರಿಯ ತಾಮ್ರಪಟವೂ ಸೇರಿ ಬಹುಪಾಲು ಕೂಟಶಾಸನಗಳೆಂದು ಫ್ಲೀಟರು. ಪಟವು ತಾನು ಹೇಳಿಕೊಳ್ಳುವ ಕಾಲಕ್ಕಿಂತ ಅದರ ಅಕ್ಷರದ ಆಕಾರ ಈಚಿನದೇ? ತಿಥಿಗೂ ವಾರಕ್ಕೂ ಹೊಂದಿಕೆಯುಂಟೇ? ಫ್ಲೀಟರ ಪ್ರಶ್ನೆಗಳು ಇಂಥವು. ಅವರು ಹಿಡಿದದ್ದೆಲ್ಲ ಸರಿಯಲ್ಲ. ಅವರು ತಳ್ಳಿಹಾಕಿದ ಕೆಲವನ್ನು ಮುಂದಿನ ವಿದ್ವಾಂಸರು ಅಸಲೆಂದು ಒಪ್ಪಿದ್ದಾರೆ. ಆದರೆ ಇಪ್ಪತ್ತೆರಡರ ವಯಸ್ಸಿನ ನನಗೆ ಫ್ಲೀಟರೇ ವೀರರಾಗಿ ಕಂಡರು. ಸುಳ್ಳನ್ನು ಹಿಡಿಯುವುದರಲ್ಲಿ ಒಂದು ಬಗೆಯ ಬೇಟೆಯ ಸುಖವುಂಟು. ಅದು ಒಳ್ಳೆಯ ಸುಖವೆಂದು ನಾನು ಈಗ ಹೇಳಲಾರೆ.

ಎರಡನೆಯ ವರ್ಷ ಬರೆಯಬೇಕಾಗಿದ್ದ ಪ್ರಬಂಧಕ್ಕೆ ನಮ್ಮ ತಾಲ್ಲೂಕಿನ ಇನಾಂ ಪತ್ರಗಳನ್ನೇ ಆರಿಸಿಕೊಂಡೆ. ಮೈಸೂರು ಸೀಮೆಯು ಇಂಗ್ಲಿಷ್ ಕಮಿಷನರುಗಳ ಆಡಳಿತದಲ್ಲಿದ್ದಾಗ, ೧೮೬೦ರ ದಶಕದ ಕೊನೆಯ ಭಾಗದಲ್ಲಿ, ಇನಾಂ ಕಮಿಷನ್ ಎಂಬುದು ಕೆಲಸಕ್ಕೆ ತೊಡಗಿತು. ಇನಾಂ ಉಣ್ಣುವವರೆಲ್ಲರೂ ತಮ್ಮ ಹಕ್ಕಿಗೆ ಆಧಾರವನ್ನು ತಂದು ತೋರಿಸಬೇಕಾಯಿತು. ಅನುಭವದಲ್ಲಿ ಭೂಮಿಯಿದ್ದು ಕೈಯಲ್ಲಿ ಕಾಗದವಿಲ್ಲದವರ ಪಾಡನ್ನು ಓದುಗರು ಊಹಿಸಿಕೊಳ್ಳಬಹುದು. ಗೆದ್ದಲು ತಿಂದ ಓಲೆಗರಿಗೆ ಬದಲು ಹೊಸ ಓಲೆ, ಕಳೆದ ಸನ್ನದಿಗೆ ಬದಲು ಹೊಸ ಸನ್ನದು ಹುಟ್ಟಿಕೊಂಡವು. ನಾನು ರಜೆಯ ದಿನಗಳಲ್ಲಿ ಸೈಕಲ್ಲಿನ ಮೇಲೆ ಊರೂರು ತಿರುಗಿ, ಮಜ್ಜಿಗೆ ಕೊಟ್ಟ ಮನೆಗಳ ಪತ್ರಗಳನ್ನೇ ನಕಲು ಮಾಡಿಕೊಂಡು ಬಂದು, ಅವುಗಳಲ್ಲಿ ಏಳು ಕೂಟಪತ್ರಗಳೆಂದು ತೀರ್ಮಾನಿಸಿ, ಆ ಅಧ್ಯಾಯವನ್ನು ಹೆಮ್ಮೆಯಿಂದ ಗುರುಗಳ ಕೈಯಲ್ಲಿಟ್ಟೆ.

ಅವರು ಎರಡು ದಿನ ಬಿಟ್ಟು ಅದನ್ನು ಹಿಂದಕ್ಕೆ ಕೊಟ್ಟರು. ಎಲ್ಲಿಯೂ ಒಂದು ಗುರುತಿಲ್ಲ. “ಅಚ್ಚುಕಟ್ಟಾಗಿದೆಯಪ್ಪ. ನಿಮ್ಮ ಮನೆಯಲ್ಲೊಂದು ತಾಮ್ರಪಟವಿದೆಯೆಂದು ಹೋದ ವರ್ಷ ಹೇಳಿದ್ದೆಯಲ್ಲ, ಅದು ಇದರಲ್ಲಿ ಕಾಣಲಿಲ್ಲ” ಎಂದರು.

ಅದು ಮನೆಯ ಪೂಜೆಯ ವಸ್ತುವೆಂದು ಏನೋ ತಡವರಿಸಿದೆ. ಅವರು ಒತ್ತಾಯ ಮಾಡಲಿಲ್ಲ. “ಹಾಗೇನು? ಉಳಿದ ಏಳು ಮನೆಯವರೂ ಪೂಜೆ ಮಾಡುತ್ತಿರಬಹುದು” ಎಂದಷ್ಟೇ ಹೇಳಿ ಕನ್ನಡಕ ತೆಗೆದು ಒರೆಸಿಕೊಂಡರು.

ಊರಿಗೆ ಹೋಗಿ ಕೇಳಿದಾಗ ತಾತನವರಿಗಾದ ಸಂತೋಷ ಇಷ್ಟಲ್ಲ. ಅಚ್ಚಿನ ಕಾಲ ಬಂದಿತೆಂದೇ ಅವರು ತಿಳಿದರು. ಹೊಸ ವಸ್ತ್ರದಲ್ಲಿ ಕಟ್ಟಿಸಿ, “ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊ, ಮೇಲಿನ ಹಲಗೆಯ ಮೇಲೆ ಇಡಬೇಡ” ಎಂದು ಎರಡು ಸಲ ಹೇಳಿ ಕಳುಹಿಸಿದರು.

ಶಾಸನದಲ್ಲಿ ಶಕವರ್ಷ ೧೫೭೦, ವಿಭವ ಸಂವತ್ಸರ ಎಂದಿದ್ದಿತು. ಬಾಲ್ಯದಿಂದ ಇಪ್ಪತ್ತು ಸಲ ಕೇಳಿದ್ದ ಈ ಮಾತನ್ನು ನಾನು ಒಮ್ಮೆಯೂ ಲೆಕ್ಕಕ್ಕೆ ಹಚ್ಚಿರಲಿಲ್ಲ. ಅರುವತ್ತು ಸಂವತ್ಸರಗಳ ಚಕ್ರವನ್ನು ಬಲ್ಲವರಿಗೆ ಇದು ಬೆರಳೆಣಿಕೆಯ ಕೆಲಸ. ಶಕ ೧೫೭೦ ಎಂದರೆ ಕ್ರಿಸ್ತಶಕ ೧೬೪೮. ಆ ವರ್ಷ ಸರ್ವಧಾರಿ. ಒಂದು ವರ್ಷ ಹಿಂದುಮುಂದಾಗಿದ್ದರೆ ಗತಿಸಿದ ಶಕ, ನಡೆಯುತ್ತಿರುವ ಶಕ ಎಂದು ಹೇಗೋ ಸರಿಪಡಿಸಬಹುದಾಗಿದ್ದಿತು. ವಿಭವವಾದರೋ ೧೬೨೮ರಲ್ಲಿ ಒಮ್ಮೆ, ೧೬೮೮ರಲ್ಲಿ ಒಮ್ಮೆ ಬಂದಿತ್ತು. ಕಂಠೀರವ ನರಸರಾಜ ಒಡೆಯರು ಆಳಿದ್ದು ೧೬೩೮ರಿಂದ ೧೬೫೯ರವರೆಗೆ; ಅವರ ಆಳ್ವಿಕೆಯಲ್ಲಿ ವಿಭವ ಸಂವತ್ಸರವೇ ಇಲ್ಲ. ಸ್ವಾಮಿಕಣ್ಣು ಪಿಳ್ಳೆಯವರ ಪಂಚಾಂಗ ಕೋಷ್ಟಕಗಳನ್ನು ತೆಗೆದು ತಿಥಿವಾರಗಳನ್ನು ನೋಡಿದರೆ ಅವೂ ಕೂಡಿಬರಲಿಲ್ಲ. ಕೈ ಸುಮ್ಮನಿರದೆ ಚಕ್ರವನ್ನು ಮುಂದಕ್ಕೆ ಎಣಿಸುತ್ತ ಹೋದೆ: ೧೭೪೮, ೧೮೦೮, ೧೮೬೮. ಅಲ್ಲಿಗೆ ನಿಂತೆ. ಇನಾಂ ಕಮಿಷನ್ನಿನವರು ಆಧಾರಗಳನ್ನು ಕೇಳುತ್ತಿದ್ದ ಕಾಲ. ಬರೆದವರು ಶಕವರ್ಷವನ್ನು ಎಚ್ಚರದಿಂದ ಹಿಂದಕ್ಕೆ ಸರಿಸಿ, ಸಂವತ್ಸರದ ಹೆಸರನ್ನು ಮಾತ್ರ, ನಾವು ಹೊಸ ವರ್ಷ ಹುಟ್ಟಿದ ಮೇಲೂ ಕಾಗದದಲ್ಲಿ ಹಳೆಯ ಇಸವಿಯನ್ನು ಬರೆದುಬಿಡುವಂತೆ, ರೂಢಿಯಿಂದ ತಮ್ಮ ಕಾಲದ್ದನ್ನೇ ಬರೆದುಬಿಟ್ಟಿದ್ದರು.

ಮುಂದಿನ ಸಲ ಊರಿಗೆ ಹೋದಾಗ ಅಟ್ಟ ಹತ್ತಿ ಹಳೆಯ ಕಡತಗಳನ್ನು ಇಳಿಸಿದೆ. ತಾತನವರ ತಾತ ಶಾನುಭೋಗಿಕೆ ಮಾಡುತ್ತಿದ್ದಾಗ ಬಳಪದಲ್ಲಿ ಬರೆದಿಟ್ಟ ಲೆಕ್ಕ ಅವುಗಳಲ್ಲಿದ್ದಿತು. ಅವರು ‘ಳ’ಕಾರದ ಬಾಲವನ್ನು ಕೆಳಕ್ಕೆಳೆದು ಎಡಕ್ಕೆ ತಿರುಗಿಸುತ್ತಿದ್ದರು. ತಾಮ್ರಪಟದಲ್ಲಿಯೂ ಅದೇ ಬಾಲ, ಅದೇ ತಿರುವು.

ತಾತನವರಿಗೆ ಹೇಗೆ ಹೇಳಿದೆನೆಂಬುದು ಪೂರ್ತಿ ನೆನಪಿಲ್ಲ. ಸಂಜೆಯಾಗಿದ್ದಿತು. ಸಂವತ್ಸರದ ಲೆಕ್ಕವನ್ನು ಹೇಳುತ್ತಿದ್ದಂತೆ ಅವರ ಬೆರಳುಗಳೂ ಗೆಣ್ಣುಗಳ ಮೇಲೆ ಎಣಿಸುತ್ತಿದ್ದವು. ನನಗಿಂತ ಮೊದಲೇ ಅವರು ಕೊನೆ ಮುಟ್ಟಿದರು. ಬಹಳ ಹೊತ್ತಿನ ಮೇಲೆ, “ಕೆರೆ ಇದೆಯಷ್ಟೆ?” ಎಂದರು.

“ಇದೆ, ತಾತ.”

“ಅದು ಸುಳ್ಳಲ್ಲವಷ್ಟೆ?”

“ಕೆರೆ ಸುಳ್ಳಲ್ಲ. ಕಟ್ಟಿಸಿದವರು ನಮ್ಮವರೇ ಎಂಬುದಕ್ಕೆ ಸಾಕ್ಷಿಯಿಲ್ಲ. ಅಲ್ಲವೆಂಬುದಕ್ಕೂ ಇಲ್ಲ.”

“ನಾನು ಮಗುವಾಗಿದ್ದಾಗ ಅವರು ಕೆರೆಯ ಏರಿಯ ಮೇಲೆ ನನ್ನನ್ನು ಕೂರಿಸಿಕೊಂಡು ಹೇಳುತ್ತಿದ್ದರು, ತೂಬಿನ ಕಲ್ಲು ಸರಿದರೆ ಮೊದಲು ನಮ್ಮ ಮನೆಯವರು ಇಳಿಯಬೇಕು ಎಂದು. ಶಾಸನದ ಮಾತನ್ನು ಅವರು ಆಡಿದ್ದು ನನಗೆ ನೆನಪಿಲ್ಲ. ಓದುವ ಪದ್ಧತಿ ನಮ್ಮ ತಂದೆಯವರ ಕಾಲದ್ದು.” ಇಷ್ಟು ಹೇಳಿ ಅವರು ಒಳಗೆ ಹೋದರು. ಆ ರಾತ್ರಿ ಊಟ ಮಾಡಲಿಲ್ಲ. ನಮ್ಮ ತಾಯಿ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯಬೇಕಾಗಿಲ್ಲ.

ಮೈಸೂರಿಗೆ ಹಿಂದಿರುಗಿ ಆ ಅಧ್ಯಾಯವನ್ನು ಮತ್ತೆ ಬರೆದೆ. ಏಳು ಎಂಟಾಯಿತು. ಆದರೆ ಮೊದಲು ಬರೆದಿದ್ದ ವಾಕ್ಯಗಳು ನನಗೇ ಹಿಡಿಸದೆ ಹೋದವು. ‘ವಂಚನೆ’ ಎಂಬ ಮಾತನ್ನು ಒಂಬತ್ತು ಕಡೆಗಳಲ್ಲಿ ಹೊಡೆದುಹಾಕಿದೆ. ಗುರುಗಳು ಓದಿ, “೧೬೪೮ಕ್ಕೆ ಇದು ಸಾಕ್ಷಿಯಲ್ಲ, ಸರಿ. ೧೮೬೮ಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನಿನಗೆ ಎಲ್ಲಿ ಸಿಕ್ಕೀತು?” ಎಂದು ಕೇಳಿ, ಆ ಎಂಟು ಮನೆಗಳ ಕೈಯಲ್ಲಿ ಆಗ ಎಷ್ಟೆಷ್ಟು ಭೂಮಿಯಿದ್ದಿತು, ಕಮಿಷನ್ನಿನ ಮುಂದೆ ಯಾರು ಏನನ್ನು ಕಳೆದುಕೊಳ್ಳಬಹುದಾಗಿದ್ದಿತು ಎಂಬುದನ್ನು ಹುಡುಕಲು ಹಚ್ಚಿದರು. ಪ್ರಬಂಧದಲ್ಲಿ ಏನಾದರೂ ಹುರುಳಿದ್ದರೆ ಅದು ಆ ಮೂರು ತಿಂಗಳ ಕೆಲಸದಲ್ಲಿದೆ.

ತಾಮ್ರಪಟವನ್ನು ಗುರುಗಳು ವಸ್ತುಸಂಗ್ರಹಾಲಯಕ್ಕೆ ಕೇಳಬಹುದೆಂದು ನಾನು ಅಂಜಿದ್ದೆ. ಅವರು ಕೇಳಲಿಲ್ಲ. ಅಚ್ಚು ತೆಗೆದುಕೊಂಡು, ಅದೇ ವಸ್ತ್ರದಲ್ಲಿ ಕಟ್ಟಿ ಹಿಂದಕ್ಕೆ ಕೊಟ್ಟರು. ಆಶ್ವಯುಜದಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಊರಿಗೆ ಹೋದೆ. ಮಹಾನವಮಿಯ ದಿನ ತಾತನವರು ಎಂದಿನಂತೆ ಅದನ್ನು ತಾವೇ ಬೆಳಗಿಸಿದರು. ಗೂಡಿನಿಂದ ಇಳಿಸಿ ಪೀಠದ ಮೇಲಿಟ್ಟು, ಅದರ ಪಕ್ಕದಲ್ಲಿ ಅಟ್ಟದ ಕಡತವೊಂದನ್ನೂ ಇಟ್ಟು ಇವೆರಡಕ್ಕೂ ಗಂಧ ಹಚ್ಚಿದರು. ಹುಡುಗರು ಶಾಪದ ಭಾಗಕ್ಕೆ ಸಿದ್ಧರಾಗಿ ಒತ್ತಿಕೊಂಡು ಕುಳಿತಿದ್ದರು. “ತಾತ, ಓದುವುದಿಲ್ಲವೇ?” ಎಂದು ನನ್ನ ಕಿರಿಯ ತಂಗಿ ಕೇಳಿದಳು.

“ಕನ್ನಡಕ ಸಿಕ್ಕಲಿಲ್ಲಮ್ಮ” ಎಂದು ಹೇಳಿ ಅವರು ಮಂಗಳಾರತಿಯನ್ನೆತ್ತಿದರು.